ಬೀಜದ ಹುಂಜ

ಅಣ್ಣ ತೀರಿಕೊಂಡ ಎಂಟು ತಿಂಗಳಿಗೆ ಅವನ ಕೋಳಿಗಳ ಜವಾಬ್ದಾರಿ ಗಡಿಯಾರ ರಿಪೇರಿ ಮಾಡುವ ತಮ್ಮನ ತಲೆಗೆ ಬಂತು. ಅದುವರೆಗೆ ಅತ್ತಿಗೆಯೇ ಕಾಳು ನೀರು ನೋಡಿಕೊಂಡು ಹೇಗೋ ದಿನ ತಳ್ಳಿದ್ದಳು. ಆದರೆ ಐದು ತಿಂಗಳು ತುಂಬಿದ ಏಳು ಎಳೆ ಹುಂಜಗಳು ಹಿತ್ತಲಲ್ಲಿ ಒಂದರ ಮೇಲೊಂದು ಎಗರಿ ಬೀಳಲು ಶುರುಮಾಡಿದ ಮೇಲೆ, ಉಳಿಸಿಕೊಳ್ಳುವುದು ಯಾವುದು, ಕಳಿಸುವುದು ಯಾವುದು ಎಂದು ತೀರ್ಮಾನಿಸಲೇಬೇಕಾಯಿತು. ಅದು ಮಾತ್ರ ತನ್ನಿಂದಾಗದು ಎಂದು ಅವಳು ಕೈಚೆಲ್ಲಿದಳು.

ಅಣ್ಣ ಬೇಕರಿಯ ಒಲೆಯ ಮುಂದೆ ಬೆವರು ಸುರಿಸಿ ಮನೆಗೆ ಬಂದವನು ಮೈ ತೊಳೆಯುವ ಮೊದಲೇ ಹಿತ್ತಲಿಗೆ ಹೋಗುತ್ತಿದ್ದ. ಇಪ್ಪತ್ತು ವರ್ಷ ಆರಿಸಿ ಆರಿಸಿ ತನ್ನದೇ ಒಂದು ತಳಿ ಮಾಡಿಕೊಂಡಿದ್ದ. ಜೇನಿನ ಬಣ್ಣದ ಗರಿ, ಸೀಸದ ಬಣ್ಣದ ಕಾಲು. ಬೇರೆಯವರ ಕೈಗೆ ಕೊಟ್ಟರೆ ಕೆಡಿಸುತ್ತಾರೆಂದು ಒಂದು ಮೊಟ್ಟೆಯನ್ನೂ ಹೊರಗೆ ಬಿಟ್ಟವನಲ್ಲ. ಹಾಗಾಗಿ ಆ ಬಣ್ಣದ ಕೋಳಿ ಇನ್ನೆಲ್ಲೂ ಇರಲಿಲ್ಲ. ಅವನು ಹೋದ ಎರಡೇ ತಿಂಗಳಿಗೆ ಹಳೇ ಹುಂಜವೂ ಕಣ್ಣು ಮುಚ್ಚಿತು. ಈ ಏಳೂ ಅದರ ಕೊನೆಯ ಮೊಟ್ಟೆಗಳಿಂದ ಬಂದವು.

ತಮ್ಮನಿಗೆ ಕೋಳಿಯ ಗಂಧಗಾಳಿಯೂ ಗೊತ್ತಿರಲಿಲ್ಲ. ಮೊದಲ ದಿನ ಒಂದು ಹುಂಜ ಹಿಡಿಯಲು ಹೋಗಿ ನೀರಿನ ಬಕೆಟ್ಟಿನ ಮೇಲೆ ಬಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, "ನಿಂತಿದ್ದನ್ನ ಓಡಿಸೋದು ನಿಂಗೆ ಗೊತ್ತು. ಓಡೋದನ್ನ ನಿಲ್ಲಿಸೋದು ಗೊತ್ತಿಲ್ಲ," ಅಂದಳು. ಅಣ್ಣ ಹೋದ ಮೇಲೆ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ಅವನು ಒದ್ದೆ ಪ್ಯಾಂಟಿನಲ್ಲೇ ನಿಂತು ನಕ್ಕ.

ಮಾರನೆಯ ದಿನ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಪಶು ಆಸ್ಪತ್ರೆಗೆ ಹೋದ. ಅಲ್ಲಿಯ ಕಾಂಪೌಂಡರು ಅಣ್ಣನಿಗೆ ಬೇಕಾದವರು. ಆವತ್ತು ಅವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಬಾಟಲಿಗಳಿಗೆ ಚೀಟಿ ಅಂಟಿಸುತ್ತಲೇ ಹೇಳಿದರು. ಬೆರಳು ನೆಟ್ಟಗಿರಬೇಕು, ಕೊಕ್ಕು ಕೂಡಬೇಕು, ನಿಂತರೆ ಎರಡು ಕಾಲಿನ ಮಧ್ಯೆ ಅಂಗೈ ಹೋಗುವಷ್ಟು ಜಾಗವಿರಬೇಕು. ಎಲ್ಲಕ್ಕಿಂತ ಮುಖ್ಯ, ಎದೆಮೂಳೆ ಮೇಲಿಂದ ಕೆಳಗಿನವರೆಗೆ ಅಡ್ಡ ತಿರುಗದೆ ಇಳಿಯಬೇಕು. ಸೊಟ್ಟ ಮೂಳೆಯದನ್ನು ಬೀಜಕ್ಕೆ ಬಿಟ್ಟರೆ ಸಂತಾನವೆಲ್ಲ ಸೊಟ್ಟ. ಆದರೆ ಎರಡು ಇಟ್ಟುಕೋ, ಒಂದನ್ನೇ ನಂಬಬೇಡ ಎಂದೂ ಸೇರಿಸಿದರು.

ಅವನು ಏಳನ್ನೂ ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಗಡಿಯಾರದ ಚಕ್ರ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದ. ಮೂರಕ್ಕೆ ಬೆರಳು ಡೊಂಕು. ಒಂದರ ಕೊಕ್ಕು ಕತ್ತರಿಯ ಹಾಗೆ ಅಡ್ಡ ಹಾಯ್ದಿತ್ತು. ಇನ್ನೊಂದು ಹುಂಜವೋ ಪಾರಿವಾಳವೋ ಹೇಳಲಾಗದಷ್ಟು ಬಡಕಲು. ಉಳಿದವು ಎರಡು. ಒಂದು ಎದೆ ಉಬ್ಬಿಸಿ ಹಿತ್ತಲನ್ನೆಲ್ಲ ಆಳುತ್ತಿದ್ದುದರಿಂದ ಅತ್ತಿಗೆ ಅದನ್ನು ದೊಣ್ಣೆನಾಯಕ ಎನ್ನುತ್ತಿದ್ದಳು. ಅದರಲ್ಲಿ ಹುಡುಕಿದರೂ ಐಬಿರಲಿಲ್ಲ. ಇನ್ನೊಂದು ಪೆದ್ದು. ಕರೆಯದಿದ್ದರೂ ಅವಳ ಕಾಲ ಬಳಿ ಬಂದು ಕೂರುವುದು, ಅವಳು ಬಟ್ಟೆ ಒಗೆದರೆ ಕಲ್ಲಿನ ಪಕ್ಕದಲ್ಲೇ ತೂಕಡಿಸುವುದು. ಅದರ ಎದೆಯ ಮೇಲೆ ಬೆರಳೆಳೆದಾಗ ಮೂಳೆ ನಡುವಲ್ಲಿ ಬಳುಕಿದ್ದು ಅವನಿಗೆ ತಿಳಿಯಿತು. ಮತ್ತೆ ಎಳೆದ. ಬಳುಕಿಯೇ ಇತ್ತು.

ಎರಡನ್ನೂ ಇಟ್ಟುಕೊಳ್ಳೋಣ ಎಂದೇ ಅವನ ಮನಸ್ಸಿನಲ್ಲಿತ್ತು. ಆದರೆ ಆ ವಾರವೇ ದೊಣ್ಣೆನಾಯಕ ಪೆದ್ದುವಿನ ಜುಟ್ಟು ಹರಿದು ರಕ್ತ ಮಾಡಿತು. ಬೇರೆ ಗೂಡು ಕಟ್ಟಲು ಅಲ್ಲಿ ಜಾಗವಿರಲಿಲ್ಲ. ಅವನು ಅತ್ತಿಗೆಯನ್ನು ಕೇಳಿದ. ಪೆದ್ದು ಇರಲಿ ಎಂದು ಅವಳು ಒಂದು ಮಾತು ಅಂದಿದ್ದರೆ ಅವನು ನಿಯಮಗಳನ್ನೆಲ್ಲ ಗಾಳಿಗೆ ತೂರಲು ತಯಾರಿದ್ದ.

ಅವಳು ಪೆದ್ದುವಿನ ತಲೆಗೆ ಅರಿಸಿನ ಹಚ್ಚುತ್ತಿದ್ದಳು. "ನಿಮ್ಮಣ್ಣ ಇಷ್ಟ ಆಗಿದ್ದನ್ನ ಇಟ್ಕೊಂಡೋರಲ್ಲ. ಸರಿಯಾಗಿರೋದನ್ನ ಇಟ್ಕೊಂಡೋರು," ಅಂದಳು. "ನೀನು ನೋಡಿದೀಯಲ್ಲ. ನಿಂಗೆ ಸರಿ ಕಂಡಿದ್ದು ಮಾಡು."

ಅವನಿಗೆ ಸರಿ ಕಂಡದ್ದನ್ನು ಅವನು ಮಾಡಿದ. ಆರು ಹುಂಜಗಳನ್ನು ಎರಡು ಬುಟ್ಟಿಗಳಲ್ಲಿ ಮುಚ್ಚಿ ಬೀದಿಯ ತುದಿಯ ಕೋಳಿ ಅಂಗಡಿಗೆ ಕೊಟ್ಟುಬಂದ. ಪೆದ್ದುವನ್ನು ಹಿಡಿಯಲು ಅಟ್ಟಾಡಿಸಬೇಕಾಗಲಿಲ್ಲ. ಕೈ ಚಾಚಿದರೆ ಬಂತು.

ಎರಡು ತಿಂಗಳು ಕಳೆಯಿತು. ದೊಣ್ಣೆನಾಯಕನ ಬಾಲ ತುಂಬಿಕೊಂಡಿತು, ಕೂಗು ನಾಲ್ಕು ಮನೆ ದಾಟಿ ಕೇಳುವಂತಾಯಿತು. ಹೇಟೆಗಳ ಬೆನ್ನು ಬಿಡುತ್ತಿರಲಿಲ್ಲ. ಕಾವಿಗೆ ಬಂದ ಒಂದು ಹೇಟೆಯ ಅಡಿಯಲ್ಲಿ ಅವನು ಹನ್ನೆರಡು ಮೊಟ್ಟೆ ಇಟ್ಟು ಎಂಟನೆಯ ದಿನ ಒಂದೊಂದನ್ನೂ ಉಗ್ರಾಣದ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದ. ಒಳಗೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣಬೇಕಿತ್ತು. ಹನ್ನೆರಡೂ ಬೆಳ್ಳಗೆ, ಖಾಲಿ. ತಾನೇ ಏನೋ ಎಡವಟ್ಟು ಮಾಡಿರಬೇಕೆಂದು ಬೇರೆ ಹನ್ನೆರಡು ಇಟ್ಟ. ಅವೂ ಖಾಲಿ.

ಈ ಸಲ ಕಾಂಪೌಂಡರು ತಾವೇ ಮನೆಗೆ ಬಂದರು. ಹುಂಜವನ್ನು ಹಿಡಿದು, ತಿರುವಿ, ಒತ್ತಿ, ಕೆಳಗೆ ಬಿಟ್ಟು ಕೈ ತೊಳೆದುಕೊಂಡರು. ನೋಟಕ್ಕಷ್ಟೇ ಹುಂಜ, ಒಂದೇ ರಕ್ತದಲ್ಲಿ ಇಷ್ಟು ವರ್ಷ ಸುತ್ತಿದ ತಳಿಯಲ್ಲಿ ಹೀಗಾಗುವುದುಂಟು, ಇದಕ್ಕೆ ಮದ್ದಿಲ್ಲ ಎಂದರು. ಇನ್ನೊಂದು ಎಲ್ಲಿ ಎಂದು ಕೇಳಿದರು. ಅವನು ಎದೆಮೂಳೆಯ ವಿಷಯ ಹೇಳಿದ.

ಅವರು ಗೂಡಿನ ಬಾಗಿಲಿಗೆ ಬಗ್ಗಿದರು. ಒಳಗೆ ಕೋಳಿಗಳು ಕೂರುವ ಕಡೆ ಅಡ್ಡಲಾಗಿ ಒಂದು ಸಣ್ಣ ಕಬ್ಬಿಣದ ಪೈಪು.

"ಇದನ್ನ ಯಾರು ಹಾಕಿದ್ದು? ನಿಮ್ಮಣ್ಣ ಅಗಲದ ಹಲಗೆ ಹಾಕಿದ್ದ."

"ಹಲಗೆ ಮುರಿದಿತ್ತು. ಮರಿಗಳು ಸಣ್ಣವಿದ್ದಾಗ ಅತ್ತಿಗೆ ಹೇಳಿದ್ರು ಅಂತ ನಾನೇ ಬಂದು ಹಾಕಿದೆ," ಅಂದ ಅವನು.

"ಎಳೇ ಮೂಳೆ ಅಪ್ಪಾ. ಇಷ್ಟು ಸಣ್ಣದರ ಮೇಲೆ ದಿನಾ ಎದೆ ಊರಿ ಮಲಗಿದ್ರೆ ಬಾಗ್ತದೆ. ಅದು ರಕ್ತದ ದೋಷ ಆಗಿರಲೇಬೇಕು ಅಂತಿಲ್ಲ." ಪೈಪನ್ನು ಬೆರಳಿಂದ ತಟ್ಟಿ, "ಆವತ್ತೇ ನಾನು ಬಂದು ನೋಡಬೇಕಿತ್ತು," ಎಂದರು.

ದೊಣ್ಣೆನಾಯಕ ಮೊದಲಿಂದಲೂ ಮೊಟ್ಟೆಪೆಟ್ಟಿಗೆಯ ಸಮತಟ್ಟಾದ ಮಾಡಿನ ಮೇಲೆ ಮಲಗುತ್ತಿದ್ದುದು ಅವನಿಗೆ ನೆನಪಾಯಿತು. ಪೈಪಿನ ಮೇಲೆ ಅದು ಒಂದು ದಿನವೂ ಕೂತಿರಲಿಲ್ಲ.

ಮುಚ್ಚಿಟ್ಟರೆ ಅನ್ನ ಇಳಿಯುವುದಿಲ್ಲ ಅನಿಸಿ ಆವತ್ತು ಮಧ್ಯಾಹ್ನವೇ ಅತ್ತಿಗೆಗೆ ಎಲ್ಲ ಹೇಳಿದ. ಅವಳು ಪಾತ್ರೆ ಒರೆಸುತ್ತ ಕೇಳಿಸಿಕೊಂಡಳು. ಅಣ್ಣ ಇದ್ದಿದ್ದರೂ ಗೊತ್ತಾಗುತ್ತಿರಲಿಲ್ಲವೇನೋ ಅಂದಳು. ಅದು ತನ್ನ ಸಮಾಧಾನಕ್ಕೆ ಹೇಳಿದ ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಅಣ್ಣನಾಗಿದ್ದರೆ ಆ ಪೈಪನ್ನು ಕಂಡ ಕೂಡಲೇ ಕಿತ್ತೆಸೆಯುತ್ತಿದ್ದ. ಹೊರಗಿನಿಂದ ಬೇರೆ ಹುಂಜ ತರಲೇ ಎಂದು ಕೇಳಿದ.

"ತಂದ್ರೆ ತಾ," ಅಂದಳು. "ಹುಟ್ಟೋದು ಕೋಳಿಗಳೇ. ಆದ್ರೆ ಅವು ಅವರ ಕೋಳಿಗಳಾಗಲ್ಲ."

ಅವನು ತರಲಿಲ್ಲ. ಅವಳು ಹಿತ್ತಲಿಗೆ ಬರುವುದನ್ನೇ ನಿಲ್ಲಿಸಿದಳು. ಬಟ್ಟೆಯನ್ನೂ ಬಚ್ಚಲಲ್ಲೇ ಒಗೆಯತೊಡಗಿದಳು. ಒಂದು ಮುದಿ ಹೇಟೆ ಸತ್ತಿತು, ಆಮೇಲೆ ಇನ್ನೊಂದು. ಅವನು ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಬಂದು ಗೂಡು ತೆಗೆಯುವನು, ಸಂಜೆ ಬಂದು ಮುಚ್ಚುವನು.

ಮತ್ತೊಂದು ಹೇಟೆ ಕಾವಿಗೆ ಕೂತಿತು. ಎಬ್ಬಿಸಲು ಮನಸ್ಸಾಗದೆ, ಅದರ ಅಡಿಯಲ್ಲಿದ್ದ ಮೊಟ್ಟೆಗಳನ್ನು ಅವನು ಹಾಗೇ ಬಿಟ್ಟಿದ್ದ. ಇಪ್ಪತ್ತೊಂದು ದಿನ ಕಳೆದರೂ ಅದು ಏಳಲಿಲ್ಲ. ಮೈ ಬಿಸಿ, ಮುಟ್ಟಿದರೆ ಹಗುರ. ಎತ್ತಿ ಪಕ್ಕಕ್ಕಿಡಲು ಅವನು ಕೈ ಹಾಕಿದಾಗ ಅಡುಗೆಮನೆಯ ಕಿಟಕಿಯಿಂದ ಅತ್ತಿಗೆಯ ದನಿ ಬಂತು.

"ಇನ್ನೆರಡು ದಿನ ಇರಲಿ ಬಿಡು."

ಅವನು ಬಿಟ್ಟ. ಎರಡಲ್ಲ, ನಾಲ್ಕು ದಿನ ಬಿಟ್ಟ. ಐದನೆಯ ದಿನ ಮೊಟ್ಟೆಗಳನ್ನು ಗೋಡೆಯ ಹಿಂದೆ ಗುಂಡಿ ತೋಡಿ ಹೂತು, ಕೈಯ ಮಣ್ಣು ಕೊಡವಿಕೊಂಡು ಬಂದು ನೋಡಿದರೆ, ಹೇಟೆ ಖಾಲಿ ಬುಟ್ಟಿಯ ಹುಲ್ಲಿನ ಮೇಲೆ ಹೋಗಿ ಮತ್ತೆ ರೆಕ್ಕೆ ಹರಡಿಕೊಂಡು ಕೂತಿತ್ತು.