ಮದ್ದಿನ ಕುಣಿಗೆ ಇಳಿದ ಹಾರೆ

ಕಲ್ಲುಗಣಿಯಲ್ಲಿ ಮದ್ದು ಸಿಡಿದು ಹುಲುಗಪ್ಪ ಸತ್ತ. ಅವನು ಬೀಡಿ ಸೇದುತ್ತ ಮದ್ದು ತುಂಬುತ್ತಿದ್ದನೆಂದು ಗಣಿಯ ಆಫೀಸಿನವರು ಕಾಗದದಲ್ಲಿ ಬರೆದರು.

ನಾನು ಒಂದು ಕಬ್ಬಿಣದ ಹಾರೆ. ಸಾಯುವಾಗ ಅವನ ಕೈಯಲ್ಲಿದ್ದುದು ಬೀಡಿಯಲ್ಲ, ನಾನು.

ಮೊದಲು ನಾನು ಯಾವುದೋ ಲಾರಿಯ ಆಕ್ಸಲ್ ಆಗಿದ್ದೆ. ಮುರಿದು ಗುಜರಿ ಸೇರಿದ ಮೇಲೆ ಇಳಕಲ್ಲಿನ ಕುಲುಮೆಯೊಂದರಲ್ಲಿ ನನ್ನನ್ನು ಕೆಂಪಗೆ ಕಾಯಿಸಿ, ಬಡಿದು, ತುದಿ ಚೂಪು ಮಾಡಿ ನೀರಿಗೆ ಅದ್ದಿದರು. ಹುಲುಗಪ್ಪ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, "ತೂಕ ಐತಿ, ಹೇಳಿದ ಮಾತು ಕೇಳತೈತಿ" ಎಂದ.

ಹನ್ನೆರಡು ವರ್ಷ ಕೇಳಿದೆ. ಸೀಳಿದ ಬಂಡೆಗಳನ್ನು ಮೀಟುವುದು ನನ್ನ ಕೆಲಸ. ಕಲ್ಲಿಗೆ ತಾಕಿದಾಗ ನನ್ನ ತುದಿಯಲ್ಲಿ ಕಿಡಿ ಹಾರುತ್ತಿತ್ತು. ಪಕ್ಕದಲ್ಲಿ ಜಲ್ಲಿ ಒಡೆಯುವ ಅವನ ಹೆಂಡತಿ ತಿಪ್ಪವ್ವ, "ನೋಡ್ರಿ, ನಿಮ್ಮ ಹಾರಿ ಹಲ್ಲು ಕಿಸೀತು" ಎಂದು ನಗುತ್ತಿದ್ದಳು. ನಾನು ಹೆಮ್ಮೆಪಟ್ಟುಕೊಂಡಿದ್ದೆ. ಎಂಥ ಮೂರ್ಖ ಹೆಮ್ಮೆ!

ಮದ್ದು ತುಂಬುವ ಹೊತ್ತಿಗೆ ಮಾತ್ರ ನನ್ನನ್ನು ದೂರದ ಬೇವಿನ ಮರಕ್ಕೆ ಒರಗಿಸಿಡುತ್ತಿದ್ದ. ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಹೆಂಡತಿಯ ಬುತ್ತಿ ಬುಟ್ಟಿಗೆ ಹಾಕುತ್ತಿದ್ದ. ತಳಕ್ಕೆ ಮೊಳೆ ಹೊಡೆದ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದ. ಬಂಡೆಯಲ್ಲಿ ಕೊರೆದ ಕುಣಿಗೆ ಕರಿಮದ್ದು ಸುರಿದು, ಬತ್ತಿ ಇಳಿಸಿ, ಮೇಲೆ ಮಣ್ಣು ತುಂಬಿ, ಜಾಲಿ ಕೋಲಿನಿಂದ ಮೆಲ್ಲಗೆ ಗಿಡಿದು ಬಿಗಿ ಮಾಡುತ್ತಿದ್ದ. ಹೊಸಬರಿಗೆ ಹೇಳುತ್ತಿದ್ದ: "ಮದ್ದು ಬಯಲಾಗ ಭುಸ್ ಅಂತ ಉರಿದು ಹೋಗತೈತಿ. ಕುಣ್ಯಾಗ ಬಿಗಿದ್ರ ಹೊಗಿಗೆ ದಾರಿ ಇರಂಗಿಲ್ಲ, ಬಂಡೆಗಲ್ಲು ಸೀಳಿ ದಾರಿ ಮಾಡ್ಕೊಂತೈತಿ. ಅದಕ್ಕ ದೊಡ್ಡ ಬೆಂಕಿ ಬೇಕಾಗಿಲ್ಲೋ, ಸಾಸಿವಿಯಷ್ಟು ಕಿಡಿ ಸಾಕು."

ಆ ದಿನ ಜಾಲಿ ಕೋಲು ಸೀಳಿತು. ಮದ್ದೂ ಅದರ ಮೇಲಿನ ಮಣ್ಣೂ ಆಗಲೇ ಕುಣಿಯೊಳಗಿದ್ದವು. ಹೊಸ ಕೋಲು ಕಡಿದು ತರುತ್ತೇನೆಂದು ಹುಲುಗಪ್ಪ ಎದ್ದ. ಸೂಪರ್‌ವೈಸರ್ ವೀರನಗೌಡ ಮರದ ಬುಡದಿಂದ ನನ್ನನ್ನು ತಾನೇ ತಂದು ಅವನ ಮುಂದೆ ಎಸೆದ.

"ಲಾರಿ ನಿಂತಾವು. ಇದರ್ಲೆ ಗಿಡಿ."

"ಕಬ್ಬಿಣ ಬ್ಯಾಡ್ರಿ ಗೌಡ್ರ, ಕಿಡಿ ಹಾರತೈತಿ."

"ಏನಲೇ, ಅದು ದೀಪಾವಳಿ ಸುರಸುರಬತ್ತಿ ಏನು? ನಡುವ ಮಣ್ಣು ಐತಲ್ಲ. ಬಡಿ!"

ಹುಲುಗಪ್ಪ ಬರಿಗಾಲಲ್ಲಿ ನಿಂತಿದ್ದ. ಕಿಡಿ ಹಾರೀತೆಂದು ಚಪ್ಪಲಿಯ ಮೊಳೆಯನ್ನೂ ಬಿಟ್ಟು ಬಂದವನ ಕೈಗೆ ಹದಿನಾರು ಕಿಲೋ ಕಬ್ಬಿಣ!

ಒಂದು ಪೆಟ್ಟು, ಎರಡು ಪೆಟ್ಟು. ಮೂರನೆಯದಕ್ಕೆ ನಾನು ಜಾರಿ ಕುಣಿಯ ಗೋಡೆಗೆ ಉಜ್ಜಿದೆ. ನನ್ನ ತುದಿಯಲ್ಲಿ ಅದೇ ಕಿಡಿ. ಆಮೇಲೆ ನಾನು ಆಕಾಶದಲ್ಲಿದ್ದೆ. ಬಿದ್ದಾಗ ತಿಪ್ಪವ್ವನ ಕೂಗು ಕೇಳಿಸಿತು. ಅವನ ದನಿ ಕೇಳಿಸಲಿಲ್ಲ.

ಸಂಜೆಯೊಳಗೆ ನನ್ನನ್ನು ಸೀಮೆಎಣ್ಣೆಯಿಂದ ಒರೆಸಿ ಆಫೀಸಿನ ಬೀರುವಿನ ಹಿಂದೆ ನಿಲ್ಲಿಸಿದರು. ಸ್ಥಳದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ಹಾರೆ ಇಲ್ಲ. ಒಂದು ಬೀಡಿ ತುಂಡು ಇದೆ. ಮನುಷ್ಯರು ಹೀಗೂ ಮಾಡುತ್ತಾರೆಯೇ? ನನಗೆ ಇನ್ನೂ ನಂಬಲಾಗುತ್ತಿಲ್ಲ.

ನಾಲ್ಕನೆಯ ದಿನ ತಿಪ್ಪವ್ವನನ್ನು ಕರೆಸಿದರು. ಮೇಜಿನ ಮೇಲೆ ಕಾಗದ, ಮುಚ್ಚಳ ತೆರೆದ ಇಂಕ್ ಪ್ಯಾಡು.

"ಇಲ್ಲಿ ಹೆಬ್ಬೆಟ್ಟು ಒತ್ತು ತಂಗಿ," ಎಂದ ವೀರನಗೌಡ.

"ಏನ್ ಬರದೀರಿ, ಓದಿ ಹೇಳ್ರಿ."

ಅವನು ಗಡಿಬಿಡಿಯಿಂದ ಓದಿದ. ಬೀಡಿಯ ಸಾಲಿಗೆ ಅವಳು ತಡೆದಳು. "ಬೀಡಿ, ಕಡ್ಡಿಪೆಟ್ಟಿಗಿ ಎರಡೂ ನನ್ನ ಬುಟ್ಟ್ಯಾಗ ಇದ್ದುವಲ್ರಿ?"

"ಅದನ್ನೆಲ್ಲ ತಗದ್ರ ಸತ್ತಾವ ಎದ್ದು ಬರ್ತಾನೇನು? ಒತ್ತಿದ್ರ ಗಣಿ ಶೆಡ್ಡಿನ್ಯಾಗ ಆರಾಮ ಇರ್ತಿ. ಇಲ್ಲಂದ್ರ ಸಂಜಿಗೆ ಖಾಲಿ ಮಾಡು."

ನಾನು ಕಬ್ಬಿಣ. ಎಲ್ಲಿ ಇಳಿಸಿದರೂ ಇಳಿಯುತ್ತೇನೆ. ಬೇಡ ಎನ್ನಲು ನನಗೆ ಬಾರದು. ಹುಲುಗಪ್ಪ ಬೇಡವೆಂದು ಒಂದೇ ಸಲ ಹೇಳಿದ, ಎರಡನೆಯ ಸಲ ಹೇಳಲಾಗಲಿಲ್ಲ.

ತಿಪ್ಪವ್ವ ಇಂಕ್ ಪ್ಯಾಡಿನ ಮುಚ್ಚಳ ಹಾಕಿ ಅವನ ಕಡೆ ಸರಿಸಿದಳು.

"ಸಂಜೀತನಕ ಯಾಕ್ರಿ ಗೌಡ್ರ? ಶೆಡ್ಡು ಈಗ ಖಾಲಿ ಮಾಡ್ತೀನಿ. ಹೆಬ್ಬೆಟ್ಟು ಒತ್ತಂಗಿಲ್ಲ."