ಅಧ್ಯಕ್ಷರ ಗುಲಾಬಿಗಳು

ಹೈದರಾಬಾದಿನಲ್ಲಿರುವ ನಮ್ಮ ಕುಷಾಯಿಗೂಡದ ಕನ್ನಡ ಸಂಘದ ಗುಟ್ಟುಗಳನ್ನು ಯಾರೋ ಕದಿಯುತ್ತಾರೆ ಎಂಬ ಭಯ ಅಧ್ಯಕ್ಷ ಸುಬ್ಬರಾಯರಿಗೆ ಹತ್ತಿಕೊಂಡಿದ್ದು ಒಂದು ಜನವರಿಯಲ್ಲಿ. ಊರೆಲ್ಲ ಬಳಸುವ ಹಳೆಯ ಆ್ಯಪ್‌ನವರು ನಿಯಮ ಬದಲಾಯಿಸುತ್ತಾರಂತೆ, ನಮ್ಮ ಮಾತುಗಳೆಲ್ಲ ಪರದೇಶಕ್ಕೆ ಹೋಗುತ್ತವಂತೆ ಎಂದು ಯಾರೋ ಅವರಿಗೆ ಅದೇ ಆ್ಯಪ್‌ನಲ್ಲಿ ಕಳಿಸಿದ್ದರು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಮನೆಯವರೇ ನನಗೆ ಹೇಳಿದರು. ನಮ್ಮ ಗುಂಪಿನಲ್ಲಿ ಕದಿಯುವಂಥದ್ದು ಏನಿತ್ತೆಂದು ನಾನು ಹೇಳುತ್ತೇನೆ. ದಿನಾ ಬೆಳಿಗ್ಗೆ ಐದೂವರೆಗೆ ಅಧ್ಯಕ್ಷರು ಕಳಿಸುವ, ನೀರಹನಿ ಕೂತ ಗುಲಾಬಿಯ ಶುಭೋದಯ. ಅದಕ್ಕೆ ನಲವತ್ತು ಜನರ ಕೈಮುಗಿದ ಚಿತ್ರ. ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೆನೆಸಿದ ನೀರು. ಸಾಯಂಕಾಲ ಇನ್ನೊಂದು ಗುಲಾಬಿ. ಇದನ್ನು ಕದ್ದ ಪರದೇಶದವನ ಬಗ್ಗೆ ನನಗೆ ನಿಜಕ್ಕೂ ಕನಿಕರವಿದೆ.

ನಾನು ಕಮಲಾಕ್ಷಿ, ಸಂಘದ ಜಂಟಿ ಕಾರ್ಯದರ್ಶಿ. ಇಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಜಂಟಿ ಕಾರ್ಯದರ್ಶಿ ಎಂದರೆ ನಡಾವಳಿ ಬರೆಯುವವಳು ನಾನು, ಹೆಸರು ಬರುವುದು ಬೇರೆಯವರಿಗೆ. ಸಮಿತಿಯ ಏಳು ಜನರೂ ಅದೇ ಕಾರ್ಖಾನೆಯವರು. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಯಾರು ಯಾರಿಗಿಂತ ಎಷ್ಟು ತಿಂಗಳು ಹಿರಿಯರು ಎಂಬ ಪಟ್ಟಿ ಪ್ರತಿಯೊಬ್ಬರ ತಲೆಯಲ್ಲೂ ಇದೆ. ಸಭೆಯಲ್ಲಿ ಕುರ್ಚಿ ಹಾಕುವುದು ಅದರ ಪ್ರಕಾರ, ಚಹಾ ಕೊಡುವುದು ಅದರ ಪ್ರಕಾರ. ಒಮ್ಮೆ ಬೋಂಡಾದ ತಟ್ಟೆ ಉಪಾಧ್ಯಕ್ಷರ ಮುಂದೆ ಮೊದಲು ಹೋಯಿತೆಂದು ಅಧ್ಯಕ್ಷರು ಆ ದಿನ ಬೋಂಡಾವನ್ನೇ ಮುಟ್ಟಲಿಲ್ಲ.

ಚಹಾ ಕೊಡುವವಳು ಹಂಪಮ್ಮ. ಮಾನ್ವಿ ಕಡೆಯವಳು. ಗಂಡ ಸೂಗಪ್ಪ ಟೈಲ್ಸ್ ಕೂಡಿಸುವ ಮೇಸ್ತ್ರಿ. ಮಾಧಾಪುರದಲ್ಲಿ ಕಣ್ಣುಮುಚ್ಚಿ ಬಿಡುವುದರೊಳಗೆ ಏಳುವ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ನೆಲ ಅವರ ಕಡೆಯವರ ಕೈಯಿಂದ ಆದದ್ದು. ಹಂಪಮ್ಮ ಹನ್ನೆರಡು ವರ್ಷದಿಂದ ಸಂಘದ ಸಭಾಂಗಣ ಗುಡಿಸುತ್ತಿದ್ದಾಳೆ, ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತದೆ. ಮಗಳು ಭಾಗ್ಯಶ್ರೀಯ ಮದುವೆಯನ್ನು ಆ ಸಭಾಂಗಣದಲ್ಲೇ ಮಾಡಬೇಕೆಂಬುದು ಅವಳ ಆಸೆ. ಸಭಾಂಗಣ ಸದಸ್ಯರಿಗೆ ಮಾತ್ರ. ಅದಕ್ಕೇ ಮೂರು ವರ್ಷದ ಹಿಂದೆ ಅವಳು ಸದಸ್ಯತ್ವಕ್ಕೆ ಅರ್ಜಿ ಹಾಕಿದಳು.

ಅರ್ಜಿಗೆ ಇಬ್ಬರು ಸದಸ್ಯರು ಪರಿಚಯದ ಸಹಿ ಹಾಕಬೇಕು. ಅವಳು ಮೊದಲು ನನ್ನ ಹತ್ತಿರವೇ ಬಂದಳು. ಬೇರೆ ಯಾರಾದರೂ ಮೊದಲು ಹಾಕಲಿ, ಎರಡನೆಯವಳಾಗಿ ನಾನು ಹಾಕುತ್ತೇನೆ ಎಂದೆ. ಉಳಿದವರೂ ಅದನ್ನೇ ಹೇಳಿದರಂತೆ. ಎರಡನೆಯವರಾಗಲು ನಾವೆಲ್ಲರೂ ಸಿದ್ಧರಿದ್ದೆವು. ಅರ್ಜಿ ನನ್ನ ಫೈಲಿನಲ್ಲಿ ಉಳಿಯಿತು. ಅದರ ಮಾತು ಬಂದ ಪ್ರತಿ ಸಭೆಯ ಕೊನೆಗೆ ನಾನು ಬರೆಯುತ್ತಿದ್ದೆ: ‘ಶ್ರೀಮತಿ ಹಂಪಮ್ಮನವರ ಅರ್ಜಿಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲು ತೀರ್ಮಾನಿಸಲಾಯಿತು.’ ಹನ್ನೊಂದು ಸಲ ಬರೆದಿದ್ದೇನೆ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸದಸ್ಯೆಯಾದರೆ ರಾಜ್ಯೋತ್ಸವದ ದಿನ ಅವಳು ಕುರ್ಚಿಯಲ್ಲಿ ಕೂರುತ್ತಾಳೆ. ಆಗ ಚಹಾ ಯಾರು ಕೊಡಬೇಕು?

ಇರಲಿ, ಗುಲಾಬಿಗಳ ರಕ್ಷಣೆಗೆ ಬರುತ್ತೇನೆ. ದಾರಿ ತೋರಿಸಿದವನು ಅಧ್ಯಕ್ಷರ ಅಳಿಯ ಸೂರಜ್. ಅವನು ಕೆಲಸ ಮಾಡುವ ಮಾಧಾಪುರದ ಕಂಪನಿ ‘ಮುಚ್ಚಟ’ ಎಂಬ ಹೊಸ ಆ್ಯಪ್ ಮಾಡಿತ್ತು. ಜಾಹೀರಾತಿಲ್ಲ, ಕದಿಯುವವರಿಲ್ಲ, ಆಡಿದ ಮಾತೆಲ್ಲ ಹೈದರಾಬಾದಿನಲ್ಲೇ ಇರುತ್ತದೆ ಎಂದ. ತೆಲುಗಿನಲ್ಲಿ ಮುಚ್ಚಟ ಎಂದರೆ ಹರಟೆ. ತೆಲುಗು ಹೆಸರಿನ ಆ್ಯಪ್‌ಗೆ ಕನ್ನಡ ಸಂಘ ಹೋಗಬಹುದೇ ಎಂದು ಒಂದು ಸಭೆ ಪೂರ್ತಿ ಚರ್ಚೆಯಾಯಿತು. ತರಕಾರಿಯವನ ಹತ್ತಿರ, ಬಸ್ಸಿನಲ್ಲಿ, ಕಡೆಗೆ ಸ್ವಂತ ಮೊಮ್ಮಕ್ಕಳ ಹತ್ತಿರವೂ ತೆಲುಗೇ ಆಡುವ ಮಹನೀಯರು ಆ ದಿನ ಕನ್ನಡಕ್ಕಾಗಿ ಗಂಟಲು ಹರಿದುಕೊಂಡರು. ಹೇಳಿಕೇಳಿ ಅಧ್ಯಕ್ಷರ ಅಳಿಯ. ಕನ್ನಡಕ್ಕೆ ಧಕ್ಕೆಯಿಲ್ಲವೆಂದು ಕೊನೆಗೆ ತೀರ್ಮಾನವಾಯಿತು.

ಮುಂದಿನ ಭಾನುವಾರ ಸೂರಜ್ ಲ್ಯಾಪ್‌ಟಾಪ್ ತಂದು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ಮುಚ್ಚಟದಲ್ಲಿ ನಮ್ಮ ಸಂಘದ ಹೆಸರಿನಲ್ಲೊಂದು ಕೋಣೆ ತೆರೆದಿದ್ದ. ಕೋಣೆಗೆ ಮೊದಲು ಬಂದವರೇ ಅದರ ಅಡ್ಮಿನ್. ಆಮೇಲೆ ಬರುವವರೆಲ್ಲ ಅರ್ಜಿ ಹಾಕಬೇಕು, ಅಡ್ಮಿನ್ ಒಪ್ಪಬೇಕು. ಕಂಪನಿಯವರು ಯಾವ ಕೋಣೆಗೂ ಅಡ್ಮಿನ್ ಆಗುವಂತಿಲ್ಲವಾದ್ದರಿಂದ ತಾನು ಬರುವುದಿಲ್ಲ, ಮಾವನೇ ಮೊದಲು ಬರಲಿ ಎಂದ.

ಮಾವ ಜೇಬಿನಿಂದ ಫೋನ್ ತೆಗೆದರು. ಆ್ಯಪ್ ಇಳಿಯಲಿಲ್ಲ. ಫೋನಿನಲ್ಲಿ ಜಾಗವೇ ಇಲ್ಲ. ನಾಲ್ಕು ವರ್ಷದ ಗುಲಾಬಿಗಳು, ಕಳಿಸಿದವು ಬಂದವು ಸೇರಿ ಒಂಬತ್ತು ಸಾವಿರ ಚಿಲ್ಲರೆ. ಒಂದಿಷ್ಟು ಅಳಿಸೋಣವೇ ಎಂದು ಸೂರಜ್ ಕೇಳಿದ್ದಕ್ಕೆ ಅವರು ಫೋನನ್ನು ಎದೆಗೆ ಒತ್ತಿಕೊಂಡರು. ಹಾಗಾದರೆ ಬೇರೆ ಯಾರಾದರೂ ಬನ್ನಿ ಎಂದ. ಉಪಾಧ್ಯಕ್ಷ ಹಣಮಂತರಾಯರು ವಿಜಯಪುರದವರು. ‘ಅಧ್ಯಕ್ಷರಕಿಂತ ಮುಂದ ನಾ ಹೆಂಗ ಹೋಗ್ಲೆಪಾ’ ಎಂದು ಕೈ ಹಿಂದೆ ಕಟ್ಟಿಕೊಂಡರು. ಖಜಾಂಚಿ ಉಪಾಧ್ಯಕ್ಷರನ್ನು ಮೀರುವಂತಿಲ್ಲ. ನಾನು ಖಜಾಂಚಿಗಿಂತ ಎಂಟು ತಿಂಗಳು ಕಿರಿಯಳು. ಬಾಗಿಲು ತೆರೆದಿದೆ, ಏಳು ಜನ ಓದಿಕೊಂಡವರು ಹೊಸ್ತಿಲ ಹೊರಗೆ ನಿಂತುಕೊಂಡು ನೀವು ಮೊದಲು, ನೀವು ಮೊದಲು ಎನ್ನುತ್ತಿದ್ದೇವೆ.

ಅಷ್ಟರಲ್ಲಿ ಹಂಪಮ್ಮ ಚಹಾ ತಂದಳು. ಲಿಂಕ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸೂರಜ್‌ಗೆ ಯಾವುದಾದರೂ ಒಂದು ಫೋನ್ ಬೇಕಿತ್ತು. ಅವಳದು ಮಗಳು ಕೊಡಿಸಿದ ಹೊಸ ಫೋನ್, ಖಾಲಿ ಇತ್ತು. ಆ್ಯಪ್ ಇಳಿಸಿ ಅವಳ ಮುಂದೆ ಹಿಡಿದ. ‘ನಾ ಏನ್ ಒತ್ತಬೇಕ್ರಿ?’ ಎಂದು ಕೇಳಿ, ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು. ಗೋಡೆಯ ಮೇಲೆ ಅವಳ ಹೆಸರು ಮೂಡಿತು, ಪಕ್ಕದಲ್ಲಿ ಅಡ್ಮಿನ್ ಎಂದು. ಎಲ್ಲರೂ ನಕ್ಕರು. ಇದು ಟ್ರಯಲ್ ತಾನೆ ಎಂದರು ಅಧ್ಯಕ್ಷರು. ನಿಮ್ಮ ಕನ್ನಡದವರಿದ್ದರೆ ಕರೆಯಿರಿ, ಹೇಗೆ ನಡೆಯುತ್ತದೆ ನೋಡೋಣ ಎಂದು ಸೂರಜ್ ಅವಳಿಗೆ ಹೇಳಿದ. ಅವಳು ತಲೆಯಾಡಿಸಿ, ಕಪ್ಪುಗಳನ್ನು ಹಿರಿತನದ ಪ್ರಕಾರ ಹಂಚಿ ಹೋದಳು.

ಅವಳು ಹೋದ ಮೇಲೆ ಅಧ್ಯಕ್ಷರಿಗೆ ಉತ್ಸಾಹ ಬಂತು. ಬಿಗಿ ಮಾಡದಿದ್ದರೆ ಯಾವ ಸದಸ್ಯರೂ ಹೊಸ ಆ್ಯಪ್‌ಗೆ ಬರುವುದಿಲ್ಲ ಎಂದು ಅಳಿಯ ಕಿವಿಯಲ್ಲಿ ಊದಿದ್ದ. ಎದ್ದು ನಿಂತು ನನ್ನಿಂದ ಬರೆಸಿದರು: ‘ಫೆಬ್ರವರಿ ಒಂದರಿಂದ ಕಾಗದದ ಸದಸ್ಯತ್ವ ಪುಸ್ತಕವನ್ನು ಮುಚ್ಚಲಾಗುವುದು. ಮುಚ್ಚಟದ ಕೋಣೆಯಲ್ಲಿ ಇರುವವರೇ ಸಂಘದ ಸದಸ್ಯರು.’ ಏಳು ಜನರೂ ಸಹಿ ಹಾಕಿದೆವು, ಹಿರಿತನದ ಪ್ರಕಾರ.

ಆಮೇಲೆ ಏನಾಯಿತೆಂದರೆ ಏನೂ ಆಗಲಿಲ್ಲ. ಸದಸ್ಯರು ಅಧ್ಯಕ್ಷರು ಹೋಗಲಿ ಎಂದು ಕಾದರು. ಅಧ್ಯಕ್ಷರು ಅಳಿಯ ಬಂದು ಗುಲಾಬಿಗಳಿಗೆ ಬೇರೆ ವ್ಯವಸ್ಥೆ ಮಾಡಲಿ ಎಂದು ಕಾದರು. ಅಳಿಯನಿಗೆ ಆಫೀಸಿನಲ್ಲಿ ಪುರುಸೊತ್ತಿರಲಿಲ್ಲ. ಹಳೆಯ ಆ್ಯಪ್‌ನಲ್ಲೇ, ಪರದೇಶದವರ ಕಣ್ಣೆದುರಿಗೇ, ದಿನಾ ಐದೂವರೆಗೆ ಗುಲಾಬಿ ಬರುತ್ತಲೇ ಇತ್ತು.

ಫೆಬ್ರವರಿ ಮೊದಲ ವಾರ ನನಗೆ ಬೇಜಾರು ಬಂದು, ಹಿರಿತನ ಹಾಳಾಗಲಿ ಎಂದು ಕೋಣೆಗೆ ಅರ್ಜಿ ಹಾಕಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಗಿಲು ತೆರೆಯಿತು, ಫೋನಿನಲ್ಲಿ ಹಂಪಮ್ಮನ ದನಿ ಕೇಳಿತು: ‘ಬರ್ರಿ ಅಕ್ಕಾರ, ಒಳಗ ಬರ್ರಿ.’

ಒಳಗೆ ನೂರ ನಲವತ್ತೆರಡು ಜನರಿದ್ದರು. ನಾನು ನೂರ ನಲವತ್ತಮೂರನೆಯವಳು. ಸೂರಜ್ ಹೇಳಿದ ಕೆಲಸವನ್ನು ಹಂಪಮ್ಮ ಮಾಡಿದ್ದಳು, ತನ್ನ ಕನ್ನಡದವರನ್ನು ಕರೆದಿದ್ದಳು. ಗಾರೆಯವರು, ಸೆಂಟ್ರಿಂಗ್‌ನವರು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುವವರು. ಬರೆಯಲು ಬೇಸರವೋ, ಬಾರದೋ, ಎಲ್ಲರೂ ಮಾತಾಡಿಯೇ ಕಳಿಸುತ್ತಿದ್ದರು. ನಾಳೆ ಯಾವ ಸೈಟಿನಲ್ಲಿ ಕೆಲಸ ಐತಿ, ಯಾವ ಮೇಸ್ತ್ರಿ ಬೈಯುತ್ತಾನೆ, ಬೆಳಗಿನ ಬಸ್ಸು ಯಾವ ಸ್ಟಾಪಿನಲ್ಲಿ ನಿಲ್ಲಲಿಲ್ಲ. ಹುಲಗೇಶ ಎಂಬುವನ ಮಗುವಿಗೆ ಜ್ವರ, ಕನ್ನಡ ಬಲ್ಲ ಡಾಕ್ಟರು ಎಲ್ಲಿದ್ದಾರೆ ಎಂದರೆ ಹತ್ತು ಜನ ಉತ್ತರ ಕೊಟ್ಟಿದ್ದರು. ಸುಲ್ತಾನ್ ಬಜಾರಿನಲ್ಲಿ ಧಾರೆ ಸೀರೆ ಯಾವ ಅಂಗಡಿಯಲ್ಲಿ ಚೆನ್ನಾಗಿದೆ ಎಂದು ಹೆಂಗಸರು ಭಾಗ್ಯಶ್ರೀಗೆ ಹೇಳುತ್ತಿದ್ದರು. ಹುಡುಗ ಚನ್ನು ಪಟಾನ್‌ಚೆರುವಿನವನು, ಮದುವೆ ಫೆಬ್ರವರಿ ಕಡೆಯ ಭಾನುವಾರ. ಎರಡೂ ಕಡೆಯವರಿಗೆ ಊರಿಗೆ ಹೋಗುವಷ್ಟು ರಜೆ ಇಲ್ಲ, ಅವರಿರುವ ಗಲ್ಲಿಯಲ್ಲಿ ಇಪ್ಪತ್ತು ಜನ ನಿಲ್ಲಲು ಜಾಗವಿಲ್ಲ. ಹಾಲ್ ಸಿಕ್ಕೀತೇನು ಎಂದು ಯಾರೋ ಕೇಳಿದ್ದರು. ಇನ್ನೊಮ್ಮೆ ಕೇಳ್ತೀನಿ ಎಂದಿದ್ದಳು ಹಂಪಮ್ಮ.

ಇಡೀ ಸಂಜೆ ಕೇಳುತ್ತ ಕೂತೆ. ಇಪ್ಪತ್ತು ವರ್ಷದಿಂದ ನಾನು ಕನ್ನಡ ಸಂಘದಲ್ಲಿದ್ದೇನೆ, ಇಷ್ಟು ಕನ್ನಡ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಒಂದೇ ಒಂದು ಗುಲಾಬಿ ಇರಲಿಲ್ಲ. ತಾನು ಈಗ ಸಂಘದ ಮೊದಲ ಸದಸ್ಯೆ ಎಂಬುದು ಹಂಪಮ್ಮನಿಗೆ ಗೊತ್ತಿರಲಿಲ್ಲ, ಆ ನಿರ್ಣಯವನ್ನು ಅವಳಿಗೆ ಯಾರು ಓದಿ ಹೇಳಬೇಕು? ಸಮಿತಿಗೂ ನಾನು ಏನೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ಆ ತಿಂಗಳ ಸಭೆಯಲ್ಲಿ ಹಂಪಮ್ಮ ಬಾಗಿಲ ಹತ್ತಿರ ನಿಂತು ಸಭಾಂಗಣ ಕೇಳಿದಳು. ಅಧ್ಯಕ್ಷರು ನೊಂದವರಂತೆ ಮುಖ ಮಾಡಿ, ತಮಗೇನೋ ಮನಸ್ಸಿದೆ, ಆದರೆ ನಿಯಮ ನಿಯಮವೇ, ಸದಸ್ಯರಿಗೆ ಮಾತ್ರ ಎಂದರು. ಉಳಿದವರು ತಲೆಯಾಡಿಸಿದರು. ಅವಳು ಆಯ್ತ್ರೀ ಎಂದು ತಿರುಗಿದಳು.

ಒಂದು ನಿಮಿಷ ನಿಲ್ಲು ಎಂದೆ. ನಡಾವಳಿ ಪುಸ್ತಕ ತೆರೆದು ಜನವರಿಯ ನಿರ್ಣಯವನ್ನು ಗಟ್ಟಿಯಾಗಿ ಓದಿದೆ, ಏಳು ಸಹಿಗಳ ಸಮೇತ. ಆಮೇಲೆ ನನ್ನ ಫೋನಿನಲ್ಲಿ ಕೋಣೆ ತೆರೆದು ಮೇಜಿನ ಮೇಲಿಟ್ಟೆ. ಸದಸ್ಯರು ನೂರ ನಲವತ್ತಮೂರು. ಈ ಮೇಜಿನ ಸುತ್ತ ಕೂತವರಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರೂ ಸಂಘದವರಲ್ಲ ಎಂದೆ. ಹೇಳುವಾಗ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ.

ಅಧ್ಯಕ್ಷರು ಅದು ಟ್ರಯಲ್ ಎಂದು ಮೂರು ಸಲ ಹೇಳಿದರು. ಅಳಿಯನಿಗೆ ಫೋನ್ ಹಚ್ಚಿ ಕೋಣೆಯನ್ನೇ ಕಿತ್ತುಹಾಕು ಎಂದರು. ಅಡ್ಮಿನ್ ಬಿಟ್ಟು ಬೇರೆ ಯಾರಿಂದಲೂ ಆಗುವುದಿಲ್ಲ ಮಾವ ಎಂದ ಅವನು. ನಿಮ್ಮ ಕೋಣೆಯಷ್ಟು ಮಾತು ಬೇರೆ ಯಾವ ಕೋಣೆಯಲ್ಲೂ ಇಲ್ಲ, ಆಫೀಸಿನಲ್ಲಿ ಎಲ್ಲರೂ ಹೊಗಳುತ್ತಿದ್ದಾರೆ ಎಂದೂ ಸೇರಿಸಿದ. ಅಧ್ಯಕ್ಷರು ಕರೆ ಮುಗಿಸಿದರು. ಆಮೇಲೆ ತಲೆ ಬಗ್ಗಿಸಿ ಗುಲಾಬಿಗಳನ್ನು ಅಳಿಸತೊಡಗಿದರು. ಒಟ್ಟಿಗೆ ಅಳಿಸುವುದು ಅವರಿಗೆ ಗೊತ್ತಿರಲಿಲ್ಲ, ಒಂದೊಂದಾಗಿ ಒತ್ತಿದರು. ಯಾರೂ ಹೇಳಿಕೊಡಲಿಲ್ಲ, ನಾನಂತೂ ಹೇಳಿಕೊಡಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಆ್ಯಪ್ ಇಳಿಯಿತು. ಅರ್ಜಿ ಹಾಕಿದರು. ಅವರ ಪರದೆಯ ಮೇಲೆ ಬಂತು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.’

ಬಾಗಿಲಲ್ಲಿ ನಿಂತ ಹಂಪಮ್ಮನ ಸೊಂಟದಲ್ಲಿ ಫೋನ್ ಸದ್ದು ಮಾಡಿತು. ತೆಗೆದು ನೋಡಿದಳು. ಅವಳ ಮುಖದಲ್ಲಿ ನಗೆಯಿರಲಿಲ್ಲ. ಸಂಘದ ನಿಯಮಗಳನ್ನು ಅವಳಷ್ಟು ಶ್ರದ್ಧೆಯಿಂದ ಕಲಿತವರು ನಮ್ಮಲ್ಲಿ ಯಾರೂ ಇಲ್ಲ.

‘ಸಾಹೇಬ್ರನ್ನ ಪರಿಚಯ ಮಾಡಸಾಕ ಇಬ್ರು ಸದಸ್ಯರು ಬೇಕಲ್ರಿ’ ಎಂದಳು. ‘ಒಬ್ಬಾಕಿ ನಾ ಅದೀನಿ. ಇನ್ನೊಬ್ರು ಯಾರ್ರಿ?’

ಮೊದಲನೆಯವಳಾಗಲು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಎರಡನೆಯವಳು ನಾನೇ ಆಗಬೇಕಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ, ಬರೆಯುತ್ತ ಗಟ್ಟಿಯಾಗಿ ಓದಿದೆ: ‘ಶ್ರೀ ಸುಬ್ಬರಾಯರ ಅರ್ಜಿಯನ್ನು ಮುಂದಿನ ಸಭೆಯಲ್ಲಿ...’

‘ಬ್ಯಾಡ್ರಿ ಅಕ್ಕಾರ, ಹಂಗ ಬರೀಬ್ಯಾಡ್ರಿ’ ಎಂದಳು ಹಂಪಮ್ಮ. ‘ಮುಂದಿನ ಸಭಾ ಎಷ್ಟು ದೂರ ಇರ್ತೈತಿ ಅಂತ ನನಗ ಗೊತ್ತೈತಿ.’

ನನ್ನ ಕೈ ನಿಂತಿತು. ಹನ್ನೆರಡನೆಯ ಸಲವೂ ಆ ವಾಕ್ಯ ಎಷ್ಟು ಸಲೀಸಾಗಿ ಹರಿದಿತ್ತು. ಇಷ್ಟು ಹೊತ್ತು ಇವರೆಲ್ಲರನ್ನೂ ನೋಡಿ ನಗುತ್ತಿದ್ದ ನನಗೆ ಆಗ ನಾಚಿಕೆಯಾಯಿತು. ಎರಡನೆಯವಳು ನಾನು ಎಂದೆ. ಅವಳು ಪರದೆಯನ್ನು ಒತ್ತಿ ಹಿಡಿದು ಮಾತಾಡಿದಳು, ಅಧ್ಯಕ್ಷರ ಫೋನಿನಲ್ಲಿ ಅವಳ ದನಿ ಕೇಳಿತು: ‘ಬರ್ರಿ ಸಾಹೇಬ್ರ, ಒಳಗ ಬರ್ರಿ.’ ಅವರು ಕತ್ತೆತ್ತಲಿಲ್ಲ. ಕಡೆಯ ಭಾನುವಾರ ಸಭಾಂಗಣ ಖಾಲಿಯಿದೆ ಎಂದಷ್ಟೇ ಹೇಳಿದರು.

ಭಾಗ್ಯಶ್ರೀಯ ಮದುವೆ ಅಲ್ಲೇ ಆಯಿತು. ಹಂಪಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಚಹಾ ಕೊಟ್ಟವರು ಚನ್ನುವಿನ ಕಡೆಯವರು. ಯಾರಿಗೆ ಮೊದಲು ಕೊಟ್ಟರೋ ಯಾರೂ ನೋಡಲಿಲ್ಲ.

ನಡಾವಳಿ ಪುಸ್ತಕದಲ್ಲಿ ನನ್ನ ಅರ್ಧ ವಾಕ್ಯ ಹಾಗೇ ಇದೆ, ಹೊಡೆದುಹಾಕಿಲ್ಲ. ಮದುವೆಯಿಂದ ಮನೆಗೆ ಬಂದವಳು ಫೈಲು ತೆಗೆದು ಹಂಪಮ್ಮನ ಅರ್ಜಿಯನ್ನು ಹುಡುಕಿದೆ. ಪರಿಚಯಿಸುವವರು ಎಂದು ಎರಡು ಗೆರೆಗಳು ಖಾಲಿ ಇದ್ದವು. ಮೇಲಿನ ಗೆರೆಯಲ್ಲಿ ಸಹಿ ಹಾಕಿದೆ. ಅದು ಈಗ ಯಾರಿಗೂ ಬೇಕಾಗಿಲ್ಲ.