ಮೂರಕ್ಷರದ ಮುದ್ರೆಗೆ ಹೋದ ತೊಟ್ಟಿಲು

ಎರ್ಗೆಶ್ ಆ ತೊಟ್ಟಿಲನ್ನು ತನ್ನ ಕೈಯಾರೆ ಜಮಖಾನದಲ್ಲಿ ಸುತ್ತಿ, ರಾಜಧಾನಿ ಬಿಷ್ಕೆಕ್ಕಿಗೆ ಹೊರಟಿದ್ದ ಬಾಡಿಗೆ ಕಾರಿನ ನೆತ್ತಿಗೆ ಹಗ್ಗ ಬಿಗಿದು ಕಳುಹಿಸಿದ. ಯಾರೂ ಅವನನ್ನು ಒತ್ತಾಯ ಮಾಡಿರಲಿಲ್ಲ. ಮಗ ಕುಬಾತ್ ಮಾತ್ರ ಒಂದು ಸಲ, "ಅಪ್ಪಾ, ಹೊಸದೊಂದು ಕಳಿಸಿದ್ರೆ ಸಾಲ್ದಾ?" ಎಂದು ಕೇಳಿದ್ದ.

"ಹೊಸದಕ್ಕೆ ಏನು ಗೊತ್ತೋ?" ಎಂದಿದ್ದ ಎರ್ಗೆಶ್. "ಪರೀಕ್ಷೆ ಮಾಡೋರು ಕೇಳ್ತಿರೋದು ಏನು? ಮಗು ಇದರಲ್ಲಿ ಕ್ಷೇಮವಾಗಿರುತ್ತಾ ಅಂತ. ನಿನ್ನೆ ಉಳಿ ಇಳಿಸಿದ ಮರ ಅದಕ್ಕೇನು ಸಾಕ್ಷಿ ಹೇಳುತ್ತೆ? ಇದು ಹದಿನೆಂಟು ಮಕ್ಕಳನ್ನ ಬೆಳೆಸಿದೆ. ನಿನ್ನನ್ನೂ ಬೆಳೆಸಿದೆ."

"ನನ್ನ ಹೆಸರು ಹೇಳ್ಬೇಡಿ, ಫೇಲ್ ಮಾಡಿಬಿಟ್ಟಾರು" ಎಂದು ಕುಬಾತ್ ನಕ್ಕಿದ್ದ.

ಉಜ್ಗೆನ್ ಪೇಟೆಯ ಮಗ್ಗುಲಿನ ಆ ಊರಿನಲ್ಲಿ ಎರ್ಗೆಶನ ಮನೆಯವರು ನಾಲ್ಕು ತಲೆಯಿಂದ ತೊಟ್ಟಿಲು ಮಾಡಿಕೊಂಡು ಬಂದವರು. ಅವರ ತೊಟ್ಟಿಲುಗಳು ಗಡಿ ದಾಟಿ ಅಲ್ಮಾಟಿಗೂ ಹೋಗುತ್ತಿದ್ದವು. ಅಲ್ಲಿ ಅಂಗಡಿ ಇಟ್ಟ ಮೆದೆತ್ ಎಂಬವನು ಚಳಿಗಾಲದ ಕೊನೆಯಲ್ಲಿ ಫೋನು ಮಾಡಿ, "ಮುದ್ರೆ ಇಲ್ಲದ ಸಾಮಾನು ಇನ್ನು ಕಳಿಸ್ಬೇಡಿ. ತನಿಖೆಯವರು ಬಂದು ಎಲ್ಲಾ ತಿರುಗಿಸಿ ನೋಡಿದ್ರು. ಈಗ ಮಗೂಗೆ ಹೆಸರಿಡೋಕೆ ಮುಂಚೆ ತೊಟ್ಟಿಲಿಗೆ ಕಾಗದ ಬೇಕು ಕಣಮ್ಮಾ" ಎಂದು ಕುಬಾತನ ಹೆಂಡತಿ ನಾಜಿಕೆಗೆ ಹೇಳಿದ. ಐದು ದೇಶಗಳು ಸುಂಕದ ವಿಷಯದಲ್ಲಿ ಒಂದೇ ಬೇಲಿಯೊಳಗೆ ಬಂದಿದ್ದವು. ಬೇಲಿಯ ಒಳಗೆ ಸಾಮಾನು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಮಕ್ಕಳು ಮುಟ್ಟುವ ಸಾಮಾನಿನ ಮೇಲೆ ಮೂರಕ್ಷರದ ಮುದ್ರೆ ಇರಬೇಕು, ಮುದ್ರೆ ಬೇಕಾದರೆ ಪರೀಕ್ಷೆಯಾಗಬೇಕು. ಕಾಗದಪತ್ರದ ಕೆಲಸವೆಲ್ಲ ನಾಜಿಕೆಯದು. ಅವಳು ಅರ್ಜಿ ಹಾಕಿದಳು. ಒಂದು ಮಾದರಿಯನ್ನು ಬಿಷ್ಕೆಕ್ಕಿಗೆ ಕಳುಹಿಸಿ ಎಂದು ಉತ್ತರ ಬಂತು. ಆ ಉತ್ತರ ಬಂದ ದಿನವೇ ಅವಳ ಸೊಸೆ ಮೀರಿಮಳಿಗೆ ರಕ್ತದ ಒತ್ತಡ ಏರಿ, ತುಂಬಿದ ಬಸುರಿಯನ್ನು ಓಶ್ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾಜಿಕೆ ಜೊತೆಯಲ್ಲಿ ಹೋದಳು. "ಒಂದು ತೊಟ್ಟಿಲು ಕಳಿಸಿಬಿಡಿ" ಎಂದಷ್ಟೇ ಬಾಗಿಲಲ್ಲಿ ಹೇಳಿ ಹೋಗಿದ್ದಳು.

ಮಕ್ಕಳು ಬಾಳಿದ ತೊಟ್ಟಿಲು ಎಂದರೆ ಊರಿನಲ್ಲಿ ಬೇರೆಯೇ ಗೌರವ. ಹೆತ್ತ ಮಕ್ಕಳು ಉಳಿಯದ ಮನೆಯವರು ಹೊಸ ತೊಟ್ಟಿಲನ್ನು ಒಲ್ಲೆವೆಂದು ಎರ್ಗೆಶನ ಮನೆಗೆ ಬಂದು, ಆ ಹಳೆಯದನ್ನೇ ನಲವತ್ತು ದಿನಕ್ಕೆ ಬೇಡಿ ಒಯ್ದದ್ದುಂಟು. ಅವನ ಅಜ್ಜ ಮಾಡಿದ ತೊಟ್ಟಿಲು ಅದು. ಎರ್ಗೆಶನೂ ಅದರಲ್ಲಿಯೇ ಮಲಗಿದವನು. ಅವನ ಹೆಂಡತಿ ಬುರುಲ್ ಮೂವತ್ತು ವರ್ಷ ಮನೆಯ ಮಕ್ಕಳನ್ನೆಲ್ಲ ಅದಕ್ಕೆ ಹಾಕಿದಳು. ಕೆಟ್ಟದ್ದು ಓಡಿಹೋಗಲೆಂದು ಅರ್ಚಾ ಮರದ ಹೊಗೆ ಆಡಿಸಿ, ಮಗುವನ್ನು ಬೇಕೆಂದೇ ತಲೆಕೆಳಗಾಗಿ ಹಿಡಿದು, "ಹೀಗೆ ಮಲಗಿಸ್ಲಾ?" ಎಂದು ಕೇಳುವಳು, ನೆರೆದ ಹೆಂಗಸರು "ಬೇಡ, ಬೇಡ!" ಎಂದು ಕೂಗಿ ನಗುವರು, ಆಮೇಲೆ ಸರಿಯಾಗಿ ಮಲಗಿಸಿ, "ಇದು ನನ್ನ ಕೈ ಅಲ್ಲ, ಮಕ್ಕಳನ್ನ ಕಾಯೋ ಉಮಾಯಿ ತಾಯಿಯ ಕೈ" ಎನ್ನುವಳು. ಕಳೆದ ಶರತ್ಕಾಲದಲ್ಲಿ ಅವಳು ತೀರಿಕೊಂಡಳು. ವರ್ಷದ ಊಟ ಇನ್ನೂ ಆಗಿರಲಿಲ್ಲ. ಮೀರಿಮಳ ಮಗು ಬುರುಲಳ ಕೈಯಿಲ್ಲದೆ ತೊಟ್ಟಿಲು ಸೇರುವ ಮೊದಲನೆಯ ಮಗು. ಕೈಯಂತೂ ಇಲ್ಲ, ಅವಳು ಮುಟ್ಟಿದ ಮರವಾದರೂ ಇರಲಿ ಎಂದು ಎರ್ಗೆಶ್ ದೇವರಲ್ಲಿ ಕೇಳಿಕೊಂಡಿದ್ದ. ಪರೀಕ್ಷೆ ಮುಗಿದು ವಾರದಲ್ಲಿ ತೊಟ್ಟಿಲು ವಾಪಸು ಬರುತ್ತದೆ, ಮೈಮೇಲೆ ಒಂದು ಮುದ್ರೆ ಹೆಚ್ಚಾಗಿರುತ್ತದೆ ಎಂದು ನಂಬಿದ್ದ.

ನಾಜಿಕೆ ಬಟ್ಟೆ ಒಯ್ಯಲೆಂದು ಮನೆಗೆ ಬಂದವಳು ಒಳಕೋಣೆಯ ಮೂಲೆ ನೋಡಿ ನಿಂತುಬಿಟ್ಟಳು.

"ಮಾವ, ಅದೆಲ್ಲಿ?"

"ಪರೀಕ್ಷೆಗೆ ಹೋಗಿದೆ."

"ಅಯ್ಯೋ ನನ್ನ ಕರ್ಮವೇ! ಮಾವ, ಅವರು ವಾಪಸ್ ಕೊಡಲ್ಲ. ಒಡೆದು ನೋಡ್ತಾರೆ. ಕೆರೆದು ನೋಡ್ತಾರೆ." ಅವಳು ಗಂಡನ ಕಡೆ ತಿರುಗಿದಳು. "ನೀವೇನು ಮಾಡ್ತಿದ್ರಿ? ಹಗ್ಗ ಹಿಡ್ಕೊಂಡಿದ್ರಾ?"

ಕುಬಾತ್ ಹಗ್ಗ ಹಿಡಿದುಕೊಂಡೇ ಇದ್ದವನು.

ಎರ್ಗೆಶ್ ಮಾರನೆಯ ದಿನ ನಸುಕಿನ ನಮಾಜು ಮುಗಿಸಿ, ತಮ್ಮ ಅಂಗಡಿಯಲ್ಲಿದ್ದ ಒಂದು ಹೊಸ ತೊಟ್ಟಿಲನ್ನು ಬಾಡಿಗೆ ಕಾರಿಗೆ ಏರಿಸಿಕೊಂಡು ತಾನೇ ಹೊರಟ. ಇದನ್ನು ಕೊಟ್ಟು ಅದನ್ನು ತರುವುದು. ಇಷ್ಟೇ ಅವನ ಮನಸ್ಸಿನಲ್ಲಿ ಇದ್ದದ್ದು. ಘಟ್ಟದ ಮೇಲೆ ಇನ್ನೂ ಹಿಮವಿತ್ತು. ಹೊಸ ತೊಟ್ಟಿಲಿನ ಕಾಲು ತೊಡೆಗೆ ಒತ್ತುತ್ತಿದೆ ಎಂದು ಪಕ್ಕದ ಪ್ರಯಾಣಿಕ ದಾರಿಯುದ್ದಕ್ಕೂ ಗೊಣಗಿದ. ಆ ಸಂಜೆ ಬಿಷ್ಕೆಕ್ಕಿನಲ್ಲಿ ತಂಗಿಯ ಮಗನ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಪರೀಕ್ಷಾಲಯದ ಮುಂದೆ ನಿಂತಿದ್ದ.

ಅಲ್ಲಿ ಚಿನಾರಾ ಎಂಬ ಹೆಂಗಸು ಅವನ ಮಾತನ್ನು ಪೂರ್ತಿ ಕೇಳಿದಳು. ನಲವತ್ತರ ವಯಸ್ಸು, ಬಿಳಿ ಕೋಟು. ಅವನಿಗೆ ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು.

"ತಾತ, ಮಾದರಿಗೆ ನಂಬರು ಬಿದ್ದುಹೋಗಿದೆ. ಫೋಟೋ ಸಮೇತ ಕಂಪ್ಯೂಟರಿಗೆ ಏರಿದೆ. ಐದು ರಾಜಧಾನಿಯಲ್ಲೂ ಕೂತು ನೋಡ್ಬಹುದು. ಅದರ ಬದಲಿಗೆ ಇದನ್ನ ಇಟ್ರೆ ನಾನು ಕಳ್ಳಿ ಆಗ್ತೀನಿ."

"ಹಾಗಾದ್ರೆ ಪರೀಕ್ಷೆನೇ ಬೇಡಮ್ಮಾ. ಮುದ್ರೆ ಬೇಡ. ನಮ್ಮದನ್ನ ನಮಗೆ ಕೊಟ್ಬಿಡು."

"ಅರ್ಜಿ ನಿಮ್ಮ ಸೊಸೆ ಹೆಸರಲ್ಲಿದೆ. ಅವರು ಹಿಂತಗೋಬೇಕು. ತಗೊಂಡ್ರೂ ಒಪ್ಪಿಗೆ ಆಗೋಕೆ ಮೂರು ದಿನ. ಮಾದರಿ ಈಗಾಗ್ಲೇ ಯಂತ್ರದ ಮೇಲಿದೆ."

"ಯಾವ ಯಂತ್ರ?"

ಅವಳು ಎದ್ದು, ಹಜಾರದ ಕೊನೆಯ ಗಾಜಿನ ಕಿಟಕಿಯ ಬಳಿಗೆ ಅವನನ್ನು ಕರೆದುಕೊಂಡು ಹೋದಳು. ಒಳಗೆ ಒಂದು ಕಬ್ಬಿಣದ ತೋಳು ತೊಟ್ಟಿಲನ್ನು ಹಿಡಿದು ತೂಗುತ್ತಿತ್ತು. ಪಕ್ಕದಲ್ಲಿ ಒಂದು ಕೆಂಪು ಅಂಕಿ ಏರುತ್ತಿತ್ತು. ನಾಲ್ಕು ಸಾವಿರದ ಇನ್ನೂರ ಹನ್ನೊಂದು, ಹನ್ನೆರಡು. ತಾಯಂದಿರು ತೂಗುವ ಹಾಗೆ ಅದು ನಡುವೆ ಒಮ್ಮೆ ನಿಲ್ಲಿಸುವುದಿಲ್ಲ, ಬಗ್ಗಿ ನೋಡುವುದಿಲ್ಲ.

"ಬರಿ ತೊಟ್ಟಿಲು ತೂಗಬಾರದಮ್ಮಾ" ಎಂದ ಎರ್ಗೆಶ್. "ನಿಮ್ಮಮ್ಮ ಹೇಳಿಕೊಟ್ಟಿಲ್ವಾ? ಮನೇಲಿ ಬಸುರಿ ಇದ್ದಾಳೆ."

"ಹೇಳಿಕೊಟ್ಟಿದ್ದಾರೆ, ತಾತ. ಬರಿ ಇಲ್ಲ ಅದು. ಮಗುವಿನ ಭಾರಕ್ಕೆ ಮರಳಿನ ಚೀಲ ಇಟ್ಟಿದ್ದೇವೆ. ಒಂಬತ್ತು ಕಿಲೋ."

ಅವಳು ಸಮಾಧಾನಕ್ಕೆಂದೇ ಹೇಳಿದ ಮಾತು. ಎರ್ಗೆಶ್ ನೋಡಿದ. ಬುರುಲ್ ತಲೆದಿಂಬು ಇಡುತ್ತಿದ್ದ ಜಾಗದಲ್ಲಿ ಮಣ್ಣಿನ ಬಣ್ಣದ ಒಂದು ಚೀಲ, ಪಟ್ಟಿಯಿಂದ ಎರಡು ಕಡೆ ಬಿಗಿದದ್ದು, ಅತ್ತಿತ್ತ ಹೊರಳದೆ ಮಲಗಿತ್ತು. ಅವನ ತುಟಿ ತಾನಾಗಿ ಅಲುಗಿತು. ಮಗುವಿಗೆ ಹೇಳುವ ಪ್ರಾರ್ಥನೆಯೋ ಸತ್ತವರಿಗೆ ಹೇಳುವ ಪ್ರಾರ್ಥನೆಯೋ ಬರುತ್ತಿರುವುದು ಎಂದು ಅವನಿಗೇ ತಿಳಿಯಲಿಲ್ಲ, ಅರ್ಧಕ್ಕೆ ನಿಲ್ಲಿಸಿದ.

ಅವನು ಅಲ್ಲಿಂದ ಹೋಗಲಿಲ್ಲ. ಹಜಾರದ ಬೆಂಚಿನ ಮೇಲೆ ಹೊಸ ತೊಟ್ಟಿಲನ್ನು ಪಕ್ಕಕ್ಕೆ ಇಟ್ಟುಕೊಂಡು ಕೂತ. ಹೋಗಿಬರುವ ಹುಡುಗಿಯರು, "ತಾತ, ಮಗು ಎಲ್ಲಿ?" ಎಂದು ತಮಾಷೆ ಮಾಡಿದರು. ಮಧ್ಯಾಹ್ನ ಶೌಚಾಲಯದ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದು, ಮೆಕ್ಕಾ ಯಾವ ದಿಕ್ಕಿಗೆ ಎಂದು ಕೇಳಿದ. ಕಾವಲುಗಾರ ಯೋಚನೆ ಮಾಡಿ ಬಿಸಿನೀರಿನ ಕೊಳವೆಯ ಕಡೆಗೆ ಕೈ ತೋರಿಸಿದ. ಎರ್ಗೆಶ್ ಕೊಳವೆಯ ಕಡೆಗೆ ತಿರುಗಿ ನಮಾಜು ಮಾಡಿದ.

ಸಂಜೆ ನಾಲ್ಕು ಗಂಟೆಗೆ ಚಿನಾರಾ ಒಂದು ಹಾಳೆ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿಯೇ ಕೂತಳು.

"ಬಣ್ಣ ಕೆರೆದು ನೋಡಿದ್ರು, ತಾತ. ಸೀಸ ಇದೆ. ಇರಬಹುದಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇನ್ನು ನಿಮ್ಮ ಸೊಸೆ ಅರ್ಜಿ ಹಿಂತಗೊಂಡ್ರೂ ಕೊಡೋ ಹಾಗಿಲ್ಲ. ಮಕ್ಕಳಿಗೆ ಅಪಾಯ ಅಂತ ಬರೆದಾದ ಮೇಲೆ ಅದು ಈ ಗೋಡೆ ದಾಟಬಾರದು."

"ಅಪಾಯ!" ಎಂದ ಎರ್ಗೆಶ್. "ಹದಿನೆಂಟು ಮಕ್ಕಳಮ್ಮಾ! ಒಬ್ಬ ಈಗ ಶಾಲೆ ಮೇಷ್ಟ್ರು."

"ಗೊತ್ತು. ಆ ಕೆಂಪು ಬಣ್ಣ ಯಾವಾಗ ಹಚ್ಚಿದ್ದು?"

"ನಾನೇ ಹಚ್ಚಿದ್ದು. ಸಾಮೂಹಿಕ ಬೇಸಾಯದ ಕಾಲ. ಟ್ರ್ಯಾಕ್ಟರ್ ಶೆಡ್ಡಿನಿಂದ ಒಂದು ಡಬ್ಬಿ ತಂದಿದ್ದೆ. ಎಪ್ಪತ್ತೊಂಬತ್ತನೇ ಇಸವಿ ಚಳಿಗಾಲ. ಎಸೆನ್ ಹುಟ್ಟೋಕೆ..."



ಆ ತೊಟ್ಟಿಲಿನಲ್ಲಿ ಮಲಗಿದವರು ಹತ್ತೊಂಬತ್ತು ಮಂದಿ. ಹದಿನೆಂಟು ಎಂದು ಹೇಳುವುದು ಅವರ ಮನೆಯ ರೂಢಿಯಾಗಿತ್ತು, ಬುರುಲ್ ಬದುಕಿದ್ದಾಗಲೂ. ಹತ್ತೊಂಬತ್ತನೆಯವನು ಎಸೆನ್, ಕುಬಾತನ ಅಣ್ಣ. ಐದು ವರ್ಷವಾದರೂ ಅವನಿಗೆ ಮಾತು ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಒಂಬತ್ತನೆಯ ವರ್ಷದಲ್ಲಿ ಮೈ ಸೆಟೆಯುವ ಸೆಳವು ಬಂದು ಸತ್ತುಹೋದ. ಬುರುಲ್ ಅತ್ತಳು, ಮುಲ್ಲಾ ಬಂದು ದೇವರ ಇಚ್ಛೆ ಎಂದ, ಎರ್ಗೆಶ್ ಒಪ್ಪಿಕೊಂಡ. ಒಪ್ಪಿಕೊಂಡು ನಲವತ್ತು ವರ್ಷ ಆಗುತ್ತ ಬಂದಿತ್ತು. ಹುಡುಗನಿಗೆ ಹಲ್ಲು ಬರುವಾಗ ತೊಟ್ಟಿಲಿನ ಮೇಲಿನ ಅಡ್ಡಪಟ್ಟಿಯನ್ನು ಹಿಡಿದು ನಿಂತು ಕಚ್ಚುತ್ತಿದ್ದ. "ನೋಡ್ರೀ ನಿಮ್ಮ ಮಗ, ಅಪ್ಪನ ಕೆಲಸಕ್ಕೆ ಈಗಲೇ ಉಳಿ ಹಾಕ್ತಿದ್ದಾನೆ" ಎಂದು ಬುರುಲ್ ನಗುತ್ತಿದ್ದಳು. ಹುಡುಗನ ತುಟಿಯೆಲ್ಲ ಬಣ್ಣ ಹತ್ತಿ ಕೆಂಪಾಗಿರುತ್ತಿತ್ತು.

"ತಾತ?"

"ಈ ಸೀಸ..." ಎಂದ ಅವನು. "ಇದು ಹೊಟ್ಟೆಗೆ ಹೋದ್ರೆ, ಮಗೂಗೆ ಮಾತು ಬರದೆ ಇರಬಹುದಾ?"

ಚಿನಾರಾ ಕೈಯಲ್ಲಿದ್ದ ಹಾಳೆಯನ್ನು ಮಡಿಚಿದಳು. "ನಾನು ಡಾಕ್ಟರ್ ಅಲ್ಲ, ತಾತ."

"ಇರಬಹುದಾ ಅಂತಷ್ಟೆ ಕೇಳಿದೆ."

"ಇರಬಹುದು. ಇಲ್ಲದೇನೂ ಇರಬಹುದು. ಅದಾದ ಮೇಲೆ ಎಷ್ಟು ಮಕ್ಕಳು ಮಲಗಿದ್ರು? ಅವರೆಲ್ಲ ಚೆನ್ನಾಗಿದ್ದಾರಲ್ಲ. ಯಾರು ಹೇಳೋಕಾಗುತ್ತೆ?"

ನಿಜವಾಗಿಯೂ ಅದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಕೇಳಿ ಕ್ಷಮೆ ಬೇಡೋಣವೆಂದರೆ ಬುರುಲ್ ಇಲ್ಲ. ಎಸೆನ್‌ನಿಗೆ ಇದ್ದಾಗಲೂ ಮಾತಿರಲಿಲ್ಲ. ದೇವರ ಇಚ್ಛೆಯೆಂದು ತಾನು ಇಷ್ಟು ದಿನ ದೇವರ ಮೇಲೆ ಹೊರಿಸಿದ್ದು ತನ್ನದೇ ಒಂದು ಡಬ್ಬಿ ಬಣ್ಣವೋ ಏನೋ ಎಂದು ಎರ್ಗೆಶನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಪಾಪವೋ, ಇಷ್ಟು ದಿನ ಅನ್ನಿಸದೆ ಇದ್ದದ್ದು ಪಾಪವೋ ಅವನಿಗೆ ತಿಳಿಯಲಿಲ್ಲ.

ಆಗ ಫೋನು ಬಂತು. ನಾಜಿಕೆ ಆಸ್ಪತ್ರೆಯಿಂದ ಕೂಗಿ ಮಾತಾಡುತ್ತಿದ್ದಳು. ಹಿಂದೆ ಮಗುವಿನ ಅಳು.

"ಹೆಣ್ಣು ಮಗು, ಮಾವ! ಮೂರು ಕಿಲೋ ಇನ್ನೂರು! ಮೀರಿಮ್ ಚೆನ್ನಾಗಿದ್ದಾಳೆ. ಬಾಯಿ ನೋಡಿದ್ರೆ ಅತ್ತೆಯದೇ, ಹುಟ್ಟುತ್ಲೇ ಬೈಯೋ ಹಾಗಿದೆ. ಕೇಳಿಸ್ತಿದ್ಯಾ?"

"ಕೇಳಿಸ್ತಿದೆ. ದೇವರು ದೊಡ್ಡವನು."

"ತೊಟ್ಟಿಲು ಸಿಕ್ತಾ, ಮಾವ?"

ಚಿನಾರಾ ಎದ್ದು ದೂರ ಹೋದಳು.

"ಬರ್ತೀನಮ್ಮಾ" ಎಂದ ಎರ್ಗೆಶ್. "ಬಂದು ಹೇಳ್ತೀನಿ."

ಬೆಳಿಗ್ಗೆ ಇದ್ದ ಹಾಗಿದ್ದರೆ ಅವನು ಚಿನಾರಾಳ ಕಾಲು ಹಿಡಿದಾದರೂ ತೊಟ್ಟಿಲು ಕೇಳುತ್ತಿದ್ದ. ಈಗ ಕೊಡುತ್ತೇನೆಂದು ಅವರೇ ಎತ್ತಿ ತಂದು ಮುಂದಿಟ್ಟರೂ, ಆ ಮಗುವನ್ನು ಅದರಲ್ಲಿ ಹೇಗೆ ಮಲಗಿಸುವುದು? ಬಿಟ್ಟು ಹೋಗೋಣವೆಂದರೆ ಅದರಲ್ಲಿ ಬುರುಲಳ ಮೂವತ್ತು ವರ್ಷದ ಕೈ ಇದೆ. ಅವನು ಬೆಂಚಿನ ಮೇಲೆ ಹಾಗೆಯೇ ಕೂತಿದ್ದ.

ಅಷ್ಟರಲ್ಲಿ ಒಳಗೆ ಯಂತ್ರದ ಸದ್ದು ನಿಂತಿತು. ಗಾಜಿನಾಚೆ ನೀಲಿ ಅಂಗಿಯವನೊಬ್ಬ ಮರಳಿನ ಚೀಲ ಬಿಚ್ಚಿ ಕೆಳಗಿಟ್ಟು, ತೊಟ್ಟಿಲನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ, ವಿದ್ಯುತ್ ಗರಗಸದ ತಂತಿಯನ್ನು ಗೋಡೆಗೆ ಚುಚ್ಚಿದ.

"ಇನ್ನೇನು ಮಾಡ್ತಾನಮ್ಮಾ ಅವನು? ಫೇಲ್ ಆಯ್ತಲ್ಲ?" ಎಂದು ಎರ್ಗೆಶ್ ಮತ್ತೆ ಹತ್ತಿರ ಬಂದ ಚಿನಾರಾಳನ್ನು ಕೇಳಿದ.

"ಅರ್ಜಿಯಲ್ಲಿ ಇರೋ ಪರೀಕ್ಷೆ ಎಲ್ಲಾ ಮುಗಿಸ್ಬೇಕು, ತಾತ. ಮರದ ಒಳಗಿನ ತುಂಡು ಬೇಕು. ಇಲ್ದಿದ್ರೆ ಕಡತ ಮುಚ್ಚಲ್ಲ. ಕಡತ ಮುಚ್ಚದೆ ನಿಮ್ಮ ಹೊಸದನ್ನ ತಗೊಳ್ಳೋಕಾಗಲ್ಲ."

"ಹೊಸದನ್ನೂ ಹೀಗೇನಾ?"

"ಅದನ್ನೂ ಹೀಗೇ."

ಎರ್ಗೆಶ್ ಎದ್ದು ಗಾಜಿನ ಬಾಗಿಲನ್ನು ತಟ್ಟಿದ. ಅನುಮತಿ ಇಲ್ಲದವರು ಒಳಗೆ ಬರಬಾರದೆಂದು ಅದರ ಮೇಲೆ ಬರೆದಿತ್ತು. ಚಿನಾರಾ ಅತ್ತ ಇತ್ತ ನೋಡಿ, ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಬಾಗಿಲಿಗೆ ಒತ್ತಿ ತೆರೆದಳು.

"ಗರಗಸ ಬೇಡ ಮಗಾ" ಎಂದ ಎರ್ಗೆಶ್ ಹೊಸ್ತಿಲಲ್ಲೇ ನಿಂತು. "ಅದಕ್ಕೆ ಮೊಳೆ ಒಂದೂ ಹೊಡೆದಿಲ್ಲ. ಕೊಯ್ದರೆ ಸೀಳಿಹೋಗುತ್ತೆ. ತಲೆ ಕಡೆ, ಎಡಕ್ಕೆ, ಒಂದು ಗೂಟ ಇದೆ ನೋಡು. ಒಳಗಿನಿಂದ ಹೊರಕ್ಕೆ ಹೊಡಿ. ಮೆಲ್ಲಗೆ."

ನೀಲಿ ಅಂಗಿಯವನು ಚಿನಾರಾಳ ಮುಖ ನೋಡಿದ. ಅವಳು ಬಾಗಿಲನ್ನು ತೆರೆದೇ ಹಿಡಿದಿದ್ದಳು. ಅವನು ಗರಗಸ ಇಟ್ಟು, ಮರದ ಸುತ್ತಿಗೆ ತೆಗೆದುಕೊಂಡು, ಹೇಳಿದ ಜಾಗಕ್ಕೆ ಎರಡು ಏಟು ಹಾಕಿದ. ನೂರು ವರ್ಷದ ಗೂಟ ಹೊರಕ್ಕೆ ಬಂತು. ತಲೆಯ ಕಡೆಯ ಚೌಕಟ್ಟು ಕಳಚಿ ಮೇಜಿನ ಮೇಲೆ ಒರಗಿತು. ಅವನು ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಎಂದು ಬರೆದ.

"ಮುಂದಿನದು ಯಾವುದು, ತಾತ?" ಎಂದು ಕೇಳಿದ.

"ಅಡ್ಡಪಟ್ಟಿ" ಎಂದ ಎರ್ಗೆಶ್. "ಅದನ್ನ ಮೊದಲು ಸ್ವಲ್ಪ ಮೇಲಕ್ಕೆ ಎತ್ತಬೇಕು."